ಅಪೆರಿಟಿವೊ ಮತ್ತು ತಂಬುಳಿ

ಮಲೆನಾಡಿನಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ, ಆದರೆ ಹೊತ್ತು ಮುಳುಗಿದ ಮೇಲೆ ಮಾಡುವುದಕ್ಕೆ ಏನೂ ಇಲ್ಲ ಎಂಬ ದೂರು ಈಚೀಚೆಗೆ ನಮ್ಮ ಕಡೆ ಬಂದುಹೋಗುವ ನಗರವಾಸಿಗಳ ಬಾಯಲ್ಲಿ ಪದೇ ಪದೇ ಕೇಳಿಬರುತ್ತಿದೆ. ಬೆಳಗ್ಗೆ ಕವಲೇದುರ್ಗವನ್ನು ಹತ್ತಿ, ಮಧ್ಯಾಹ್ನ ನಗರದ ಕೋಟೆಯನ್ನು ಸುತ್ತಿ, ಸಂಜೆ ತೀರ್ಥಹಳ್ಳಿಗೋ ಹೊಸನಗರಕ್ಕೋ ಸಾಗರಕ್ಕೋ ಬಂದಿಳಿಯುವ ಈ ಮಹನೀಯರಿಗೆ ಆರು ಗಂಟೆಯಿಂದ ಎಂಟು ಗಂಟೆಯವರೆಗಿನ ಕಾಲವನ್ನು ಕಳೆಯುವುದು ದೊಡ್ಡ ಸಮಸ್ಯೆಯಾಗಿದೆ. ಪರಿಹಾರವನ್ನೂ ಅವರೇ ಸೂಚಿಸುತ್ತಾರೆ. ಬೆಂಗಳೂರಿನ ಹೊಸ ಪಾನಗೃಹಗಳಿಗೆ 'ಅಪೆರಿಟಿವೊ' ಎಂಬ ಇಟಲಿಯ ಪದ್ಧತಿ ಬಂದಿದೆಯಂತೆ. ಊಟಕ್ಕೆ ಮುಂಚೆ ನಾಲ್ಕು ಜನ ಕಲೆತು ಕೆಂಪು ಬಣ್ಣದ ಕಹಿ ಪಾನೀಯವನ್ನು ಗುಟುಕರಿಸುತ್ತ ಹರಟುವುದು ಅದರ ಸೊಗಸಂತೆ. ಅಂಥ ಕಾಕ್‌ಟೇಲ್ ಬಾರೊಂದು ದುರ್ಗದ ತಪ್ಪಲಲ್ಲಿ ತಲೆಯೆತ್ತಿದರೆ ಮಲೆನಾಡಿಗೂ 'ಸಂಜೆಯ ಸಂಸ್ಕೃತಿ' ಬಂದಂತಾಗುತ್ತದಂತೆ.

ಇದನ್ನು ಕೇಳಿದೊಡನೆ ಕಿವಿ ಮುಚ್ಚಿಕೊಳ್ಳುವ ಇನ್ನೊಂದು ಪಕ್ಷವೂ ನಮ್ಮಲ್ಲಿದೆ. ಪಾನವೆಂಬುದೇ ಪರದೇಶದ ಪಿಡುಗು, ಸಂಜೆ ಮನೆ ಸೇರಿ ದೀಪ ಹಚ್ಚುವುದಷ್ಟೇ ನಮ್ಮ ಸಂಸ್ಕೃತಿ, ಇದನ್ನು ಮೀರಿದ್ದೆಲ್ಲ ಅನಾಚಾರ ಎಂದು ಅವರ ವಾದ. ಈ ಎರಡು ಪಕ್ಷಗಳೂ ಒಂದರ ಮುಖ ಒಂದು ನೋಡದಷ್ಟು ದೂರ ನಿಂತಿದ್ದರೂ ಒಂದು ವಿಷಯದಲ್ಲಿ ಸಹೋದರರೇ ಸರಿ: ಇಬ್ಬರಿಗೂ ಅಪೆರಿಟಿವೊ ಎಂದರೇನೆಂಬುದು ಗೊತ್ತಿಲ್ಲ, ಮಲೆನಾಡು ಎಂದರೇನೆಂಬುದೂ ಗೊತ್ತಿಲ್ಲ. ಒಬ್ಬರು ಸೀಸೆಯನ್ನು ಕಂಡು ಮರುಳಾಗಿದ್ದಾರೆ. ಇನ್ನೊಬ್ಬರು ಸೀಸೆಯನ್ನು ಕಂಡು ಬೆದರಿದ್ದಾರೆ. ಸೀಸೆಯ ಆಚೆಗೆ ಇಬ್ಬರ ದೃಷ್ಟಿಯೂ ಹಾಯ್ದಿಲ್ಲ.

ಮೊದಲು ಪದವನ್ನೇ ನೋಡೋಣ. ಅಪೆರಿಟಿವೊ ಎಂಬುದು 'ತೆರೆ' ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ್ದು. ತೆರೆಯಬೇಕಾದದ್ದು ಹಸಿವಿನ ಬಾಗಿಲು. ನಮ್ಮ ವೈದ್ಯಶಾಸ್ತ್ರದಲ್ಲಿ ಇದಕ್ಕೆ 'ದೀಪನ' ಎಂಬ ಚೆಲುವಾದ ಹೆಸರಿದೆ. ಅವರು ಬಾಗಿಲು ತೆರೆದರು, ನಾವು ದೀಪ ಹಚ್ಚಿದೆವು, ಕೆಲಸ ಮಾತ್ರ ಒಂದೇ. 1786ರಲ್ಲಿ ಟ್ಯೂರಿನ್ ಪಟ್ಟಣದ ಅಂತೋನಿಯೊ ಬೆನೆದೆತ್ತೊ ಕಾರ್ಪಾನೊ ಎಂಬವನು ದ್ರಾಕ್ಷಾರಸಕ್ಕೆ ಗಿಡಮೂಲಿಕೆಗಳನ್ನು ಸೇರಿಸಿ ವರ್ಮೂತ್ ಎಂಬ ಪಾನೀಯವನ್ನು ಮಾರಾಟಕ್ಕೆ ತಂದನು. ಆ ಹೆಸರು ಬಂದಿರುವುದು ಒಂದು ಕಹಿ ಗಿಡದ ಜರ್ಮನ್ ಹೆಸರಿನಿಂದ. ನಮ್ಮ ಹೂವಾಡಗಿತ್ತಿಯರು ಮಾಲೆಯಲ್ಲಿ ಕಟ್ಟುವ ದವನ ಆ ಗಿಡದ ಕುಲಕ್ಕೇ ಸೇರಿದ್ದು. 1860ರಲ್ಲಿ ಗಾಸ್ಪಾರೆ ಕಾಂಪಾರಿ ತನ್ನ ಹೆಸರಿನ ಕೆಂಪು ಕಹಿಯನ್ನು ಸಿದ್ಧಪಡಿಸಿದನು. ಮಿಲಾನ್ ನಗರದ ಮಹಾದೇವಾಲಯದ ಮಗ್ಗುಲಲ್ಲಿರುವ ಗಾಜಿನ ಮಾಡಿನ ಅಂಗಡಿಸಾಲಿನಲ್ಲಿ ಅವನ ಮಗ ದಾವಿದೆ 1915ರಲ್ಲಿ ತೆರೆದ ಕಾಂಪಾರಿನೊ ಎಂಬ ಪಾನಗೃಹ ಇಂದಿಗೂ ನಡೆಯುತ್ತಿದೆ.

ಆದರೆ ನಮ್ಮ ವಾದಕ್ಕೆ ಹೆಚ್ಚು ಉಪಯುಕ್ತವಾದದ್ದು ಅದೇ ಮಿಲಾನಿನ ಇನ್ನೊಂದು ಸ್ಥಳ. ಪ್ಲಿನಿಯೊ ಬೀದಿಯ ಬಾರ್ ಬಾಸ್ಸೊ ಯಾತ್ರಿಕರ ನಡುಪೇಟೆಯಲ್ಲಿಲ್ಲ. ಅದು ಜನ ವಾಸಿಸುವ ಕೇರಿಯ ಮೂಲೆಯ ಅಂಗಡಿ. 1967ರಲ್ಲಿ ಅದನ್ನು ಕೊಂಡ ಮಿರ್ಕೊ ಸ್ಟೊಕ್ಕೆತ್ತೊ ಎಂಬವನು ದೊಡ್ಡ ಹೋಟೆಲುಗಳ ಮಂದಿಗೆ ಮೀಸಲಾಗಿದ್ದ ಮಿಶ್ರಪಾನಗಳನ್ನು ಕೇರಿಯ ಜನರಿಗೂ ಎಟುಕುವಂತೆ ಮಾಡಿದನು. 1972ರ ಸುಮಾರಿನಲ್ಲಿ ಅವನ ಕೈ ತಪ್ಪಿ ಒಂದು ಸೀಸೆಯ ಬದಲು ಇನ್ನೊಂದನ್ನು ಸುರಿದಾಗ ಹುಟ್ಟಿದ್ದೆಂದು ಹೇಳಲಾಗುವ ಪಾನೀಯಕ್ಕೆ 'ತಪ್ಪಿದ ನೆಗ್ರೋನಿ' ಎಂದೇ ಹೆಸರಾಯಿತು. ಅಂಗಡಿ ಹೆಸರುವಾಸಿಯಾದದ್ದು ಆ ಪಾನೀಯದಿಂದ ಇರಬಹುದು. ಬಾಳಿ ಉಳಿದದ್ದು ಮಾತ್ರ ಕೇರಿಯವರು ದಿನವೂ ಬಂದು ಕೂತದ್ದರಿಂದ.

ಇಷ್ಟನ್ನು ಗಮನಿಸಿದರೆ ಅಪೆರಿಟಿವೊದ ಲಕ್ಷಣಗಳು ಸ್ಪಷ್ಟವಾಗುತ್ತವೆ. ಅದು ಸಿಹಿಯಲ್ಲ, ಕಹಿ. ಅದು ಹೊಟ್ಟೆ ತುಂಬಿಸುವುದಕ್ಕಲ್ಲ, ಹಸಿವು ಕೆದಕುವುದಕ್ಕೆ. ಆದ್ದರಿಂದ ಪ್ರಮಾಣ ಅಲ್ಪ. ಅದು ಊಟದ ಬದಲಿಗಲ್ಲ, ಊಟಕ್ಕೆ ಮೊದಲು. ಎಂದರೆ ಕುಡಿದವನು ಎದ್ದು ಮನೆಗೆ ಹೋಗಿ ಹೆಂಡತಿ ಮಕ್ಕಳೊಡನೆ ಉಣ್ಣಬೇಕೆಂಬ ಕಟ್ಟು ಅದರೊಳಗೇ ಇದೆ. ಅದಕ್ಕೆ ಬೇಕಾದ ಬೇರು, ತೊಗಟೆ, ಹಣ್ಣಿನ ಸಿಪ್ಪೆಗಳನ್ನು ಆ ಜನ ತಲೆತಲಾಂತರದಿಂದ ಬಲ್ಲರು. ಎಲ್ಲಕ್ಕಿಂತ ಮುಖ್ಯವಾಗಿ, ಅದಕ್ಕೆ ಮದ್ಯವೇ ಬೇಕೆಂಬ ನಿಯಮವಿಲ್ಲ. 1960ರ ದಶಕದಲ್ಲಿಯೇ ಇಟಲಿಯ ಪೇಟೆಗೆ ಕ್ರೊದಿನೊ, ಸಾನ್‌ಬಿತ್ತೆರ್ ಮುಂತಾದ ಮದ್ಯವಿಲ್ಲದ ಕಹಿ ಪಾನೀಯಗಳು ಬಂದವು. ಅವನ್ನು ಕುಡಿಯುವವರೂ ಅದೇ ಹೊತ್ತಿನಲ್ಲಿ, ಅದೇ ಪಂಕ್ತಿಯಲ್ಲಿ, ಅದೇ ಗೌರವದಿಂದ ಕೂಡುತ್ತಾರೆ. ಇಟಲಿಯವರೂ ಈ ಪದ್ಧತಿಯನ್ನು ಕೆಡಿಸಿಕೊಳ್ಳದೆ ಇಲ್ಲ. ಒಂದು ಲೋಟಕ್ಕೆ ಹಣ ಕೊಟ್ಟವನ ಮುಂದೆ ತಿಂಡಿಯ ರಾಶಿಯನ್ನೇ ಸುರಿದು, ಊಟವನ್ನೂ ಪಾನವನ್ನೂ ಕಲಸಿ 'ಅಪೆರಿಚೇನಾ' ಎಂದು ಕರೆದು ಮಾರುವ ವ್ಯಾಪಾರ ಅಲ್ಲಿಯೂ ಹಬ್ಬಿದೆ. ನಮ್ಮವರು ಬೆಂಗಳೂರಿಗೆ ತಂದಿರುವುದು ಬಹುಮಟ್ಟಿಗೆ ಈ ಕೆಟ್ಟ ಪ್ರತಿಯನ್ನು. ಅದನ್ನೇ ಮತ್ತೊಮ್ಮೆ ಪ್ರತಿಮಾಡಿ ಘಟ್ಟದ ಮೇಲಕ್ಕೆ ಏರಿಸುವುದು ಯಾವ ಜಾಣತನ?

ಇಟಲಿಯಿಂದ ಮಲೆನಾಡಿಗೆ ಯಾರೂ ಮೊದಲ ಸಲ ಬರುತ್ತಿಲ್ಲ. 1623ರಲ್ಲಿ ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ರೋಮಿನ ಗೃಹಸ್ಥನು ಗೋವೆಯ ಪೋರ್ಚುಗೀಸರ ರಾಯಭಾರದ ಜೊತೆಗೂಡಿ ಹೊನ್ನಾವರ, ಗೇರುಸೊಪ್ಪೆಗಳ ಮೇಲೆ ಘಟ್ಟವನ್ನೇರಿ ಇಕ್ಕೇರಿಗೆ ಬಂದಿದ್ದನು. ಆಗ ಆಳುತ್ತಿದ್ದವನು ಕೆಳದಿಯ ವೆಂಕಟಪ್ಪ ನಾಯಕ. ಭುವನಗಿರಿ ದುರ್ಗವೆಂದೂ ಹೆಸರುಳ್ಳ ಕವಲೇದುರ್ಗವನ್ನು ಬಲಪಡಿಸಿದ ಅದೇ ಅರಸ. ಪರದೇಶದವರನ್ನು ಇಲ್ಲಿಗೆ ಎಳೆದದ್ದು ನಮ್ಮ ಕಾಳುಮೆಣಸು. ದೆಲ್ಲ ವಾಲ್ಲೆ ಇದಕ್ಕೆ ಎಂಟು ವರ್ಷ ಹಿಂದೆ ತುರ್ಕರ ರಾಜಧಾನಿಯಿಂದ ಬರೆದ ಪತ್ರದಲ್ಲಿ ಕಾಫಿ ಎಂಬ ಕಪ್ಪು ಪಾನೀಯವನ್ನು ತನ್ನ ನಾಡಿನ ಗೆಳೆಯನಿಗೆ ಪರಿಚಯಿಸಿ, ಬರುವಾಗ ಅದನ್ನು ತರುವೆನೆಂದು ತಿಳಿಸಿದ್ದವನು. ಎಂದರೆ, ನಮ್ಮ ಗಿರಿಗಳಲ್ಲಿ ಇನ್ನೂ ಕಾಫಿಯ ಗಿಡವೇ ಇಲ್ಲದಿದ್ದ ಕಾಲದಲ್ಲಿ, ಕಾಫಿ ಕುಡಿಯುತ್ತ ಜನ ಕೂಡುವ ಬಗೆಯನ್ನು ಕಂಡು ಬಂದಿದ್ದ ಇಟಲಿಯವನೊಬ್ಬ ಸಾಗರದ ಪಕ್ಕದ ಇಕ್ಕೇರಿಯ ಬೀದಿಗಳಲ್ಲಿ ತಿರುಗಾಡಿದ್ದಾನೆ. ಅವನು ಇಲ್ಲಿ ಕಂಡು ಬೆರಗಾಗಿ ಬರೆದಿಟ್ಟದ್ದೇನು? ದಾರಿಯ ದೇವಾಲಯವೊಂದರ ಮೊಗಸಾಲೆಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ಒಕ್ಕೊರಲಿನಿಂದ ಲೆಕ್ಕ ಹೇಳಿ ಕಲಿಯುತ್ತಿದ್ದುದನ್ನು. ಇಕ್ಕೇರಿಯ ಬೀದಿಯಲ್ಲಿ ಹೆಂಗಸರು ಕೋಲಾಟವಾಡುತ್ತಿದ್ದುದನ್ನು. ನಮ್ಮಲ್ಲಿಗೆ ಸಂಸ್ಕೃತಿ ತರಬೇಕೆಂದು ಅವನಿಗೆ ತೋರಲಿಲ್ಲ. ಜನ ಕೂಡುವ ಜಾಗವನ್ನು ಅವನ ಕಣ್ಣು ಗುರುತಿಸಿತು.

ಕವಲೇದುರ್ಗದ ಮೇಲೆ ಹಾಳಾದ ಅರಮನೆಯ ನಿವೇಶನದಲ್ಲಿ ಕಲ್ಲಿನ ಒಲೆಯೊಂದಿದೆ. ಹತ್ತಿ ಹೋದವರೆಲ್ಲ ಅದರ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಆ ಒಲೆಯ ಮೇಲೆ ಏನು ಬೇಯುತ್ತಿತ್ತೆಂದು ಕೇಳುವವರು ಕಡಮೆ. ಅದೇ ವಂಶದ ಬಸವಪ್ಪ ನಾಯಕನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ರಚಿಸಿದ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ಪಾಕಶಾಸ್ತ್ರಕ್ಕೂ ಸ್ಥಾನವಿದೆ. ಅದಕ್ಕೂ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಪಾನೀಯಗಳನ್ನು ಅರಸನ ಭೋಗಗಳಲ್ಲಿ ಸೇರಿಸಿ ವಿವರಿಸಿದ್ದಾನೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನ ಸೂಪಶಾಸ್ತ್ರದಲ್ಲಿ ಪಾನಕಕ್ಕೆಂದೇ ಒಂದು ಅಧ್ಯಾಯವಿದೆ. ಗ್ರಂಥಗಳ ಮಾತು ಹಾಗಿರಲಿ. ನಮ್ಮ ಅಡುಗೆಮನೆಗಳನ್ನೇ ನೋಡಬಹುದು. ಹಬ್ಬದ ಎಲೆಯ ತುದಿಗೆ ಮೊದಲು ಬೀಳುವುದು ಉಪ್ಪು, ಉಪ್ಪಿನಕಾಯಿ, ಕೋಸಂಬರಿ. ಮಲೆನಾಡಿನ ಊಟದಲ್ಲಿ ಮೊದಲ ತುತ್ತಿಗೆ ತಂಬುಳಿ. ತಣ್ಣನೆಯ ಹುಳಿ ಎಂಬುದೇ ಆ ಪದದ ಅರ್ಥ. ಒಂದೆಲಗ, ಚಕ್ರಮುನಿ, ಶುಂಠಿ, ಮೆಂತ್ಯ, ದಾಳಿಂಬೆಯ ಸಿಪ್ಪೆ, ಬೇಲಿಯಲ್ಲಿ ಬೆಳೆಯುವ ಕಾಡುಕುಡಿ, ಯಾವುದಾದರೂ ಸರಿ. ಕಹಿಯನ್ನೂ ಒಗರನ್ನೂ ಮಜ್ಜಿಗೆಯಲ್ಲಿ ಪಳಗಿಸಿ ನಾಲಗೆಯನ್ನು ಎಚ್ಚರಿಸುವ ವಿದ್ಯೆ ಅದು. ಹೊಳೆಯ ದಂಡೆಯ ಅಪ್ಪೆಮಿಡಿಯ ಹುಳಿ, ಕಾಡಿನ ಮುರುಗಲು ಹಣ್ಣಿನ ಕೆಂಪು ನೀರು, ಕಂಚಿಕಾಯಿ, ಹೇರಳೆಕಾಯಿ, ಬೇರೆಯವರು ತಿಪ್ಪೆಗೆ ಎಸೆಯುವ ಕಿತ್ತಳೆ ಸಿಪ್ಪೆಯ ಗೊಜ್ಜು: ಮಿಲಾನಿನ ಕಹಿಯನ್ನು ತಯಾರಿಸುವವನು ಇವನ್ನು ಕಂಡರೆ ಕೈಮುಗಿದಾನು. ಕಾಂಪಾರಿಯ ಕೆಂಪು ಬಹುಕಾಲ ಒಂದು ಬಗೆಯ ಹುಳುವನ್ನು ಒಣಗಿಸಿ ತೆಗೆದ ಬಣ್ಣವಾಗಿತ್ತು. ಮುರುಗಲಿನ ಕೆಂಪು ಹಣ್ಣಿನದೇ ಕೆಂಪು.

ಹಾಗಾದರೆ ನಮ್ಮಲ್ಲಿ ಎಲ್ಲವೂ ಇತ್ತು, ಹೊರಗಿನಿಂದ ಕಲಿಯಬೇಕಾದದ್ದು ಏನೂ ಇಲ್ಲ ಎಂದು ಎದೆ ತಟ್ಟಿಕೊಳ್ಳೋಣವೆ? ಇದು ನಮ್ಮ ಎರಡನೆಯ ಪಕ್ಷದವರಿಗೆ ಬಹು ಪ್ರಿಯವಾದ ಮಾತು. ಆದರೆ ಅದು ನಿಜವಲ್ಲ. ನಮ್ಮಲ್ಲಿ ರಸವಿತ್ತು, ಪಂಕ್ತಿಯಿರಲಿಲ್ಲ. ತಂಬುಳಿಯನ್ನು ಅರೆದ ಹೆಂಗಸು ಎಲ್ಲರೂ ಉಂಡು ಎದ್ದ ಮೇಲೆ ಉಣ್ಣುತ್ತಿದ್ದಳು. ಸಾಹುಕಾರರ ಜಗುಲಿಯ ಮೇಲೆ ಸಂಜೆ ಮಾತುಕತೆ ನಡೆಯುತ್ತಿದ್ದುದು ನಿಜ. ಗೇಣಿಯ ಒಕ್ಕಲು ಅಂಗಳದಲ್ಲಿ ನಿಂತು ಅದನ್ನು ಕೇಳುತ್ತಿದ್ದುದೂ ನಿಜ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ರೈತರು ಸತ್ಯಾಗ್ರಹ ಹೂಡಿದಾಗ ವಿವಾದದಲ್ಲಿದ್ದುದು ಗೇಣಿ ಬತ್ತವನ್ನು ಅಳೆಯುವ ಕೊಳಗ. ಆದರೆ ಕೊಳಗದ ಹಿಂದೆ ಇದ್ದುದು ನೆಟ್ಟಗೆ ನಿಲ್ಲುವ, ಸಮನಾಗಿ ಕೂಡುವ ಹಕ್ಕು. ಪೇಟೆಯ ಕಾಫಿ ಹೋಟೆಲುಗಳಲ್ಲಿಯೂ ಜಾತಿಗೊಂದು ಸಾಲು, ಒಬ್ಬರಿಗೆ ಒಳಗೆ, ಒಬ್ಬರಿಗೆ ಹೊರಗೆ ಎಂಬ ಕಾಲವಿತ್ತು. ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಹೋಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆಯಬೇಕೆಂದು ವಿಧಿಸಿದ ಮೇಲೂ ಆ ಬೆಂಚು ಎಲ್ಲರದಾಗುವುದಕ್ಕೆ ವರ್ಷಗಳೇ ಹಿಡಿದವು. ಕೊನೆಗೆ ಆಯಿತಲ್ಲ! ಒಂದು ಲೋಟ ಕಾಫಿಯ ಬೆಲೆ ಕೊಟ್ಟವನು ಯಾರೇ ಆಗಲಿ ಅರ್ಧ ಗಂಟೆ ಕೂತು ಪತ್ರಿಕೆ ಓದಬಹುದು, ಎದುರಿನವನೊಡನೆ ವಾದ ಮಾಡಬಹುದು ಎಂಬ ಸ್ಥಿತಿ ಮಲೆನಾಡಿನ ಪೇಟೆಗಳಿಗೆ ಬಂದದ್ದು ಸಣ್ಣ ಕ್ರಾಂತಿಯಲ್ಲ. ನಮ್ಮ ನಿಜವಾದ ಅಪೆರಿಟಿವೊ ಅದು.

ಆ ಬೆಂಚನ್ನೇ ನಾವು ಈಗ ಕಳೆದುಕೊಳ್ಳುತ್ತಿದ್ದೇವೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ 1959ರಿಂದ ನಡೆದ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಆ ಸ್ಥಳವನ್ನು ತೆರವು ಮಾಡಿ ಚರ್ಚ್ ಸ್ಟ್ರೀಟಿಗೆ ಸರಿಯಬೇಕಾಯಿತು. ಅದಕ್ಕಾದರೂ ಸರಿಯಲು ಜಾಗ ಸಿಕ್ಕಿತು. ಚಿಕ್ಕ ಊರುಗಳಲ್ಲಿ ಹಳೆಯ ಹೋಟೆಲು ಮುಚ್ಚಿದರೆ ಅದರ ಜಾಗಕ್ಕೆ ಬರುವುದು ನಿಂತು ತಿಂದು ಹೋಗುವ ಕಟ್ಟೆ, ಇಲ್ಲವೆ ವೈನ್ ಶಾಪು.

ಈ ವೈನ್ ಶಾಪಿನ ಸ್ವರೂಪವನ್ನು ಸ್ವಲ್ಪ ವಿಚಾರಿಸಬೇಕು. ಸಿ.ಎಲ್. 2 ಎಂಬ ಸನ್ನದಿನ ಅಂಗಡಿಯಲ್ಲಿ ಮದ್ಯವನ್ನು ಮಾರಬಹುದು, ಅಲ್ಲಿಯೇ ಕೂತು ಕುಡಿಯುವಂತಿಲ್ಲ. ಕೂತು ಕುಡಿಯುವುದಕ್ಕೆ ಸಿ.ಎಲ್. 9ರ ಬಾರಿಗೆ ಹೋಗಿ ಹೆಚ್ಚು ಹಣ ತೆರಬೇಕು. ಇದರ ಪರಿಣಾಮವೇನು? ಹಣವಿದ್ದವನು ಕತ್ತಲೆಯ ಕೋಣೆಯಲ್ಲಿ ಕೂಡುತ್ತಾನೆ. ತೋಟದ ಆಳು ಕಾಗದದ ಪೊಟ್ಟಣವನ್ನು ಕೊಂಡು ರಸ್ತೆಯ ಮಗ್ಗುಲಿಗೋ ಬಸ್ಸಿನ ತಂಗುದಾಣದ ಹಿಂದಕ್ಕೋ ಹೋಗಿ, ನಿಂತಲ್ಲೇ, ಒಬ್ಬನೇ, ಒಂದೇ ಉಸಿರಿಗೆ, ಬರಿಹೊಟ್ಟೆಯಲ್ಲಿ ಮುಗಿಸುತ್ತಾನೆ. ಅಪೆರಿಟಿವೊದ ಒಂದೊಂದು ಲಕ್ಷಣವನ್ನೂ ತೆಗೆದುಕೊಂಡು ತಲೆಕೆಳಗು ಮಾಡಿದರೆ ಏನಾಗುತ್ತದೋ ಅದು ಇದು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಎಷ್ಟೋ ತಾಯಂದಿರು ಅಂದು ನಿಟ್ಟುಸಿರು ಬಿಟ್ಟರು. ಕುಡಿತ ನಿಲ್ಲಲಿಲ್ಲ, ಪೊಟ್ಟಣದ ಹೆಸರು ಬದಲಾಯಿತು. ಬಗನಿಯ ಕಳ್ಳು ಇಳಿಸಿದವನು ಅಪರಾಧಿ, ಕಾರ್ಖಾನೆಯ ಮದ್ಯ ಮಾರಿದವನು ಖಜಾನೆಯ ಮಿತ್ರ. ಪಾನನಿರೋಧವನ್ನು ಸಾಧಿಸಲು ರಾಜ್ಯವು ಯತ್ನಿಸತಕ್ಕದ್ದೆಂದು ಸಂವಿಧಾನದ 47ನೆಯ ಅನುಚ್ಛೇದ ಹೇಳುತ್ತದೆ. 2025-26ರ ನಮ್ಮ ರಾಜ್ಯದ ಮುಂಗಡಪತ್ರ ಅಬಕಾರಿಯಿಂದ 40,000 ಕೋಟಿ ರೂಪಾಯಿಗಳ ಗುರಿಯನ್ನಿಟ್ಟುಕೊಂಡಿತು. ಈ ಎರಡು ವಾಕ್ಯಗಳನ್ನು ಒಂದರ ಪಕ್ಕ ಒಂದಿಟ್ಟು ಓದುವ ಧೈರ್ಯ ನಮ್ಮ ನೀತಿಬೋಧಕರಿಗೂ ಇಲ್ಲ, ನಮ್ಮ ಪ್ರವಾಸೋದ್ಯಮದ ಪ್ರಚಾರಕರಿಗೂ ಇಲ್ಲ.

ನೀತಿಬೋಧಕರಿಗೆ ಇನ್ನೆರಡು ಮಾತು ಹೇಳಬೇಕು. ಪಾನದ ಮಾತೆತ್ತಿದರೆ ಸಂಸ್ಕೃತಿ ಕೆಡುತ್ತದೆ ಎನ್ನುವವರು ನಮ್ಮ ಹಳೆಯ ಕಾವ್ಯಗಳನ್ನು ತೆರೆದು ನೋಡಿಲ್ಲವೆನ್ನದೆ ವಿಧಿಯಿಲ್ಲ. ಮಹಾಕಾವ್ಯಕ್ಕೆ ವಿಹಿತವಾದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು; ಆದಿಕವಿ ಪಂಪನೇ ಅದನ್ನು ಬಿಟ್ಟಿಲ್ಲ. ಶಿವಶರಣರು ಹೆಂಡದ ಮಾರಯ್ಯನನ್ನು ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಂಡರು. ಸ್ವತಃ ಹೆಂಡ ಮುಟ್ಟದ ರಾಜರತ್ನಂ ಅವರು ಯೆಂಡ್ಕುಡ್ಕ ರತ್ನನ ಬಾಯಲ್ಲಿ ಕನ್ನಡಕ್ಕೆ ಎಂಥ ಪದಗಳನ್ನು ಕೊಟ್ಟರೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಇವರಾರೂ ಕುಡಿತವನ್ನು ಬೋಧಿಸಲಿಲ್ಲ. ಮನುಷ್ಯನನ್ನು ಪಂಕ್ತಿಯಿಂದ ಹೊರಗೆ ಹಾಕಲಿಲ್ಲ, ಅಷ್ಟೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ ಹೆಣ್ಣುಮಕ್ಕಳ ಮೇಲೆ ಕೈಮಾಡಿದವರು ಕೂಡ ಸಂಸ್ಕೃತಿಯ ಹೆಸರನ್ನೇ ಹೇಳಿದರು. ಅವರಿಗೆ ಅಸಹ್ಯವಾದದ್ದು ಮದ್ಯವಲ್ಲ; ಹೆಣ್ಣು ಸಂಜೆಯ ಹೊತ್ತು ಮನೆಯ ಹೊರಗೆ ನಗುತ್ತ ಕೂತದ್ದು. ಮದ್ಯವೇ ಅಸಹ್ಯವಾಗಿದ್ದರೆ ನುಗ್ಗುವುದಕ್ಕೆ ಬೀದಿಗೊಂದು ಗಂಡಸರ ಬಾರಿತ್ತು.

ಹಾಗೆಂದು ಮದ್ಯವನ್ನು ಸಮರ್ಥಿಸುವುದು ಈ ಲೇಖನದ ಉದ್ದೇಶವೆಂದು ಯಾರೂ ಭಾವಿಸಬಾರದು. ಮದ್ಯದಲ್ಲಿ ನಿರಪಾಯವಾದ ಪ್ರಮಾಣವೆಂಬುದು ಇಲ್ಲವೇ ಇಲ್ಲವೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಸಾರಿದೆ. ಕುಡಿತ ಮಲೆನಾಡಿನ ಬಡಮನೆಗಳಲ್ಲಿ ಮಾಡಿರುವ ಅನಾಹುತವನ್ನು ಬಲ್ಲ ಯಾರೂ ಇನ್ನೊಂದು ಬಾರನ್ನು ಬೇಡಲಾರರು. ಆದರೆ ಕುಡಿಯಬೇಡ ಎಂದು ಹೇಳುವವನು ಸಂಜೆ ಆರು ಗಂಟೆಗೆ ಎಲ್ಲಿ ಕೂರಬೇಕೆಂಬುದನ್ನೂ ಹೇಳಬೇಕು. ದಿನವೆಲ್ಲ ಅಡಿಕೆಯ ತೋಟದಲ್ಲಿ ಬೆನ್ನು ಬಗ್ಗಿಸಿದವನಿಗೆ, ಅಂಗನವಾಡಿಯಿಂದ ಮನೆಗೆ ಹೊರಟ ಹೆಂಗಸಿಗೆ, ಕೆಲಸ ಸಿಗದೆ ಬಸ್ ನಿಲ್ದಾಣದ ಕಂಬಕ್ಕೆ ಒರಗಿರುವ ಪದವೀಧರನಿಗೆ, ಮಕ್ಕಳೆಲ್ಲ ಬೆಂಗಳೂರು ಸೇರಿ ದೊಡ್ಡ ಮನೆಯಲ್ಲಿ ಒಂಟಿಯಾಗಿ ಉಳಿದ ಮುದುಕರಿಗೆ ಒಂದು ಗಂಟೆಯ ಸಹವಾಸ ಬೇಕು. ಅದನ್ನು ಕೊಡಬಲ್ಲ ಜಾಗ ಊರಿನಲ್ಲಿ ಒಂದೂ ಇಲ್ಲದಿದ್ದರೆ ಅವರಲ್ಲಿ ಕೆಲವರು ಪೊಟ್ಟಣದ ಕಡೆಗೆ, ಕೆಲವರು ಕೈಯೊಳಗಿನ ಮೊಬೈಲಿನ ಕಡೆಗೆ ತಿರುಗುವುದು ಆಶ್ಚರ್ಯವಲ್ಲ.

ಆದ್ದರಿಂದ ನನ್ನ ವಿನಂತಿ ಸರಳವಾದದ್ದು. ದುರ್ಗದ ತಪ್ಪಲಿಗೆ ಕಾಕ್‌ಟೇಲ್ ಬಾರು ಬೇಡ. ಅದು ಬಂದರೆ ಶನಿವಾರ ಭಾನುವಾರ ಬರುವ ಕಾರುಗಳಿಗಾಗಿ ಬರುತ್ತದೆ. ಅದರ ಒಂದು ಲೋಟದ ಬೆಲೆ ಸ್ಥಳೀಯನ ಒಂದು ದಿನದ ಕೂಲಿಯನ್ನು ನುಂಗುತ್ತದೆ. ಅಲ್ಲಿ ಅವನು ಕೂಡುವುದಿಲ್ಲ, ತಟ್ಟೆ ಎತ್ತುತ್ತಾನೆ. ಜಗುಲಿ ಮತ್ತು ಅಂಗಳದ ಹಳೆಯ ಭೇದ ಇಟಲಿಯ ಹೆಸರಿನಲ್ಲಿ ಹಿಂದಿರುಗುತ್ತದೆ. ಅದಕ್ಕೆ ಬದಲಾಗಿ ತೀರ್ಥಹಳ್ಳಿ, ಹೊಸನಗರಗಳ ಪಟ್ಟಣ ಪಂಚಾಯಿತಿಗಳೂ ಸಾಗರದ ನಗರಸಭೆಯೂ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಒಂದೊಂದು ಮಾಡು, ಹತ್ತು ಬೆಂಚು, ಒಳ್ಳೆಯ ದೀಪ, ನಾಲ್ಕು ದಿನಪತ್ರಿಕೆಗಳನ್ನು ಒದಗಿಸಲಿ. ನಡೆಸುವ ಹೊಣೆಯನ್ನು ಸ್ತ್ರೀಶಕ್ತಿ ಸಂಘಗಳಿಗೆ ವಹಿಸಲಿ. ಮಲೆನಾಡಿನ ಹುಳಿ, ಕಹಿ, ಒಗರುಗಳ ವಿದ್ಯೆ ಇರುವುದು ಅವರ ಕೈಯಲ್ಲಿ. ಬೇಸಗೆಯಲ್ಲಿ ಮುರುಗಲಿನ ನೀರು, ಮಳೆಗಾಲದಲ್ಲಿ ಬಿಸಿ ಕಷಾಯ, ಅಪ್ಪೆಹುಳಿ, ಕುಡಿಯುವ ತಂಬುಳಿ, ಜೊತೆಗೆ ಒಂದು ಹಿಡಿ ಹುರಿದ ಹಲಸಿನ ಹಪ್ಪಳ. ಹೊತ್ತು ಸಂಜೆ ಐದೂವರೆಯಿಂದ ಎಂಟು. ಆಮೇಲೆ ಎಲ್ಲರೂ ಮನೆಗೆ, ಊಟಕ್ಕೆ. ಬೆಲೆ ಕೂಲಿಯವನಿಗೆ ಎಟುಕುವಂತಿರಬೇಕು. ಇದು ಅಸಾಧ್ಯವೆನ್ನುವವರಿಗೆ ಇಂದಿರಾ ಕ್ಯಾಂಟೀನಿನ ನೆನಪು ಮಾಡಿಕೊಡಬಹುದು: 2017ರಲ್ಲಿ ಐದು ರೂಪಾಯಿಗೆ ತಿಂಡಿ ಕೊಡಲು ಹೊರಟ ಸರ್ಕಾರಕ್ಕೆ ಮುರುಗಲಿನ ನೀರಿಗೊಂದು ಬೆಂಚು ಹಾಕಿಸುವುದು ಹೊರೆಯಾಗಲಾರದು. ಅಬಕಾರಿಯಿಂದ ಬರುವ ಒಂದು ನೂರು ರೂಪಾಯಿಯಲ್ಲಿ ಒಂದು ರೂಪಾಯಿಯನ್ನು ಇದಕ್ಕೆ ತಿರುಗಿಸಿದರೂ ರಾಜ್ಯದ ಪ್ರತಿಯೊಂದು ತಾಲ್ಲೂಕಿಗೂ ಸಾಕಾಗಿ ಮಿಗುತ್ತದೆ.

ನಗರದಿಂದ ಬಂದ ಅತಿಥಿಗಳು ಅಲ್ಲಿಗೆ ಬರಬಾರದೆಂದು ಯಾರೂ ಹೇಳುವುದಿಲ್ಲ. ಧಾರಾಳವಾಗಿ ಬರಲಿ, ಅದೇ ಬೆಂಚಿನ ಮೇಲೆ, ಅದೇ ಬೆಲೆಗೆ, ನಮ್ಮ ಊರಿನ ಕೂಲಿಯವನ ಪಕ್ಕದಲ್ಲಿ ಕೂತು ಕಹಿ ಕುಡಿಯಲಿ. ಪ್ಲಿನಿಯೊ ಬೀದಿಯ ಆ ಅಂಗಡಿ ದೊಡ್ಡ ಹೋಟೆಲಿನ ಲೋಟವನ್ನು ಕೇರಿಯವರ ಕೈಗೆ ಇಳಿಸಿತು. ನಾವು ಮಾತ್ರ ಕೇರಿಯವರ ಲೋಟವನ್ನು ಮತ್ತೆ ದೊಡ್ಡ ಹೋಟೆಲಿಗೆ ಏರಿಸಲು ಹೊರಟಿದ್ದೇವೆ. ಇಟಲಿಯಿಂದ ನಾವು ಕಲಿಯತಕ್ಕದ್ದು ಒಂದು ಇದ್ದರೆ ಅದು ಕೇರಿಯ ಆ ಬೆಂಚು. ಇದನ್ನು ಬರೆಯುತ್ತಿರುವಾಗಲೇ ಯಾವುದಾದರೊಂದು ಪಟ್ಟಣ ಪಂಚಾಯಿತಿಯ ಮುಂದೆ ಇನ್ನೊಂದು ಸನ್ನದಿನ ಅರ್ಜಿ ಬಂದಿರಬಹುದು. ಸದಸ್ಯರು ಅದಕ್ಕೆ ಕೈಯೆತ್ತುವ ಮುನ್ನ ತಮ್ಮ ಊರಿನಲ್ಲಿ ಹಣ ಕೊಟ್ಟು ಕುಡಿಯದೆ ಕೂರಬಹುದಾದ ಬೆಂಚುಗಳೆಷ್ಟಿವೆ ಎಂದು ಒಮ್ಮೆ ಎಣಿಸಿ ಬರಲಿ.